ಐವತ್ತರಲ್ಲೂ ಫುಟ್‌ಬಾಲ್ ಆಡಬೇಕಾ? ಮ್ಯಾಥ್ಯೂಸ್ ದಾರಿ ಹಿಡಿಯಿರಿ

ನನಗೀಗ 47. ಭಾನುವಾರ ಬೆಳಗ್ಗೆ ಇನ್ನೂ ಬಲ ಅಂಚಿನಲ್ಲಿ ಆಡುತ್ತೇನೆ. ನನ್ನ ಗುರು ಇಂಗ್ಲೆಂಡಿನ ಸ್ಟ್ಯಾನ್ಲಿ ಮ್ಯಾಥ್ಯೂಸ್. 1932ರಲ್ಲಿ ಸ್ಟೋಕ್ ಸಿಟಿಗೆ ಮೊದಲ ಪಂದ್ಯ, 1965ರ ಫೆಬ್ರವರಿ 6ರಂದು ಅದೇ ತಂಡಕ್ಕೆ ಕೊನೆಯ ಲೀಗ್ ಪಂದ್ಯ. ಆಗ ಅವರಿಗೆ 50 ವರ್ಷ, 5 ದಿನ! ಎಂಥಾ ಮನುಷ್ಯ, ಅಲ್ವಾ?

ಕುಡಿತ ಬಿಡಿ. ಬೆಳಗ್ಗೆ ಬೇಗ ಎದ್ದು ಅಭ್ಯಾಸ ಮಾಡಿ. ಅವರು ಮಾಡಿದ್ದೂ ಅದನ್ನೇ.

ಬೂಟು ಹಗುರವಾಗಿರಲಿ. ಆ ಕಾಲದ ಭಾರದ ಬೂಟು ಬೇಡವೆಂದು ಅವರು ತೆಳ್ಳನೆಯದನ್ನು ಮಾಡಿಸಿಕೊಂಡಿದ್ದರು. ನಾನು ಅಂಗಡಿಯಲ್ಲಿ ಒಂದೊಂದು ಬೂಟನ್ನೂ ಅಂಗೈ ಮೇಲಿಟ್ಟು ತೂಗಿ ನೋಡುತ್ತೇನೆ, ಅಟ್ಟೆ ಮಡಚಿ ನೋಡುತ್ತೇನೆ.

ಸುಮ್ನೆ ಮೈದಾನವಿಡೀ ಓಡಬೇಡಿ. ಚೆಂಡು ಕಾಲಿಗೆ ಬರಲಿ. ಎಡಕ್ಕೆ ಭುಜ ಬಾಗಿಸಿ, ಎದುರಾಳಿ ಅತ್ತ ವಾಲಿದ ಕ್ಷಣ ಬಲಕ್ಕೆ ನಾಲ್ಕೇ ಹೆಜ್ಜೆ ಜೋರಾಗಿ ನುಗ್ಗಿ. ಮನೆ ಅಂಗಳದಲ್ಲಿ ದಿನಾ ಈ ನಾಲ್ಕು ಹೆಜ್ಜೆ ಅಭ್ಯಾಸ ಮಾಡಿ.