ಸೆನೆದ್‌ನಲ್ಲಿ ನಿಮ್ಮ ಊರಿನ ಪ್ರಶ್ನೆ ಕೇಳಿಸುವುದು ಹೇಗೆ?

ವೇಲ್ಸ್‌ನ ಆಸ್ಪತ್ರೆಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ, ಕಚೇರಿಗಳಲ್ಲಿ ದುಡಿಯುವ ಕನ್ನಡ ಕುಟುಂಬಗಳಿವೆ. ಊರಿನ ಬಸ್ ನಿಂತುಹೋದಾಗ, ವೈದ್ಯರ ಕ್ಲಿನಿಕ್ ಬಾಗಿಲು ಹಾಕಿದಾಗ, ಹೊಳೆಯ ನೀರು ಮನೆಯೊಳಗೆ ನುಗ್ಗಿದಾಗ ನೆರೆಹೊರೆಯವರ ಜೊತೆ ಸೇರಿ ಇವರೂ ಪತ್ರ ಬರೆಯುತ್ತಾರೆ. ಅಂಥ ಪತ್ರಗಳನ್ನು ನಾನು ಬಹಳ ಓದಿದ್ದೇನೆ. ನಾಲ್ಕೈದು ಪುಟ, ಸಾಲುಸಾಲಿಗೂ ಸಿಟ್ಟು, ವಿಳಾಸ ನೇರವಾಗಿ ಪ್ರಥಮ ಸಚಿವರದು. ನಮ್ಮ ಮುಖ್ಯಮಂತ್ರಿಗಳ ಸ್ಥಾನದಲ್ಲಿ ಅಲ್ಲಿರುವವರು ಅವರೇ. ಉತ್ತರವೂ ಬರುತ್ತದೆ: ನಿಮ್ಮ ಕಾಳಜಿಯನ್ನು ಗಮನಿಸಲಾಗಿದೆ. ಅಲ್ಲಿಗೆ ಕಥೆ ಮುಗಿಯಿತು.

ಸಂಕಟ ನಿಜವಾದದ್ದು, ಹಿಡಿದ ದಾರಿ ತಪ್ಪು. ಸಚಿವರನ್ನು ಎದ್ದುನಿಂತು ಪ್ರಶ್ನಿಸುವ, ಉತ್ತರವನ್ನು ಕಡತದಲ್ಲಿ ದಾಖಲಿಸುವ ಅಧಿಕಾರ ಇರುವುದು ವೇಲ್ಸ್‌ನ ಶಾಸನಸಭೆಯಾದ ಸೆನೆದ್‌ನ ಸದಸ್ಯರಿಗೆ. ಆ ಅಧಿಕಾರವನ್ನು ಹೆಚ್ಚು ನಿರ್ಭಿಡೆಯಿಂದ ಬಳಸುವವರು ವಿರೋಧ ಪಕ್ಷದ ಸದಸ್ಯರು. ಅವರ ಕೈಗೆ ಒಂದು ಒಳ್ಳೆಯ ಪ್ರಶ್ನೆಯನ್ನು ಕೊಡುವುದಷ್ಟೇ ನಿಮ್ಮ ಕೆಲಸ.

ಮೊದಲು, ಇದು ಯಾರ ವಿಷಯ?

ಆರೋಗ್ಯ, ಶಿಕ್ಷಣ, ವಸತಿ, ಕೃಷಿ, ಪರಿಸರ, ಸ್ಥಳೀಯ ಆಡಳಿತ, ಬಹುಪಾಲು ಸಾರಿಗೆ ಕಾರ್ಡಿಫ್‌ನ ವೇಲ್ಸ್ ಸರ್ಕಾರಕ್ಕೆ ಸೇರಿದವು. ವೀಸಾ, ಪೊಲೀಸ್, ನ್ಯಾಯಾಲಯ, ರಕ್ಷಣೆ, ಹೆಚ್ಚಿನ ಸಾಮಾಜಿಕ ಭದ್ರತಾ ಭತ್ಯೆಗಳು ಲಂಡನ್ನಿನವು. ಅವಕ್ಕೆ ವೇಲ್ಸ್‌ನ 32 ಸಂಸದರಲ್ಲಿ ನಿಮ್ಮವರನ್ನು ಹಿಡಿಯಬೇಕು. ಕಸ ವಿಲೇವಾರಿ, ಬಡಾವಣೆಯ ರಸ್ತೆ ಗುಂಡಿ 22 ಸ್ಥಳೀಯ ಕೌನ್ಸಿಲ್‌ಗಳ ಪಾಲು. ಎ470, ಎ55ರಂಥ ಹೆದ್ದಾರಿಯಲ್ಲಿ ಗುಂಡಿ ಬಿದ್ದರೆ ಮಾತ್ರ ಅದು ವೇಲ್ಸ್ ಸರ್ಕಾರದ ಹೊಣೆ. ಒಂದೇ ಪತ್ರದಲ್ಲಿ ವೀಸಾ ಶುಲ್ಕವನ್ನೂ ಆಸ್ಪತ್ರೆಯ ಕಾಯುವ ಪಟ್ಟಿಯನ್ನೂ ಬೀದಿದೀಪವನ್ನೂ ಸೇರಿಸಿದರೆ ಮೂರೂ ಕಡೆಯಿಂದ ‘ಇದು ನಮ್ಮದಲ್ಲ’ ಎಂಬ ಉತ್ತರ ಖಚಿತ.

ನಂತರ, ಸದಸ್ಯರ ಆಯ್ಕೆ

2026ರ ಮೇ ಚುನಾವಣೆಯಿಂದ ಸೆನೆದ್‌ನ ಸದಸ್ಯಬಲ 60ರಿಂದ 96ಕ್ಕೆ ಏರಿದೆ. 16 ಕ್ಷೇತ್ರಗಳು, ಪ್ರತಿಯೊಂದಕ್ಕೂ ಆರು ಸದಸ್ಯರು. ಅಂದರೆ ನಿಮಗೆ ಆರು ಜನ ಪ್ರತಿನಿಧಿಗಳಿದ್ದಾರೆ, ಅವರು ಬೇರೆ ಬೇರೆ ಪಕ್ಷಗಳವರಾಗಿರುವ ಸಾಧ್ಯತೆಯೇ ಹೆಚ್ಚು. ಆರೂ ಜನರಿಗೆ ಒಂದೇ ಮಿಂಚಂಚೆ ಕಳುಹಿಸಬೇಡಿ. ಬೇರೆಯವರು ನೋಡಿಕೊಳ್ಳುತ್ತಾರೆ ಎಂದು ಆರೂ ಕಚೇರಿಗಳು ಸುಮ್ಮನಾಗುತ್ತವೆ.

ಆಳುವ ಪಕ್ಷದವರು ಕೆಟ್ಟವರೆಂದಲ್ಲ. ಆದರೆ ತಮ್ಮದೇ ಸಚಿವರನ್ನು ಸಭೆಯಲ್ಲಿ ಮುಜುಗರಕ್ಕೆ ಈಡುಮಾಡುವ ಬದಲು ಅವರು ಮೊಗಸಾಲೆಯಲ್ಲಿ ಮೆಲ್ಲಗೆ ಮಾತಾಡುತ್ತಾರೆ. ಆ ಮಾತಿಗೆ ದಾಖಲೆ ಇರುವುದಿಲ್ಲ. ಹಾಗಾಗಿ ನನ್ನ ಸಲಹೆ ಖಡಾಖಂಡಿತ: ನಿಮ್ಮ ಓಟು ಯಾವ ಪಕ್ಷಕ್ಕೇ ಹೋಗಿರಲಿ, ಪ್ರಶ್ನೆಯನ್ನು ವಿರೋಧ ಪಕ್ಷದವರ ಕೈಗೆ ಕೊಡಿ. ಆ ಪೈಕಿ ನಿಮ್ಮ ವಿಷಯದ ಬಗ್ಗೆ ಈಗಾಗಲೇ ಮಾತಾಡಿರುವವರು ಯಾರು ಎಂದು ಸೆನೆದ್‌ನ ಜಾಲತಾಣದ ನಡಾವಳಿಯಲ್ಲಿ ಹುಡುಕಿ. ಅದು ಉಚಿತ, ಎಲ್ಲರಿಗೂ ತೆರೆದದ್ದು.

ನಿಮಗೆ ಮತದಾನದ ಹಕ್ಕಿಲ್ಲದಿದ್ದರೂ ಸದಸ್ಯರು ನಿಮ್ಮ ಪ್ರತಿನಿಧಿಯೇ. ಸೆನೆದ್ ಚುನಾವಣೆಯಲ್ಲಿ 16 ತುಂಬಿದವರು, ವೇಲ್ಸ್‌ನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯ ಪೌರರು ಮತ ಹಾಕಬಹುದು. ನಮ್ಮವರಲ್ಲಿ ಅನೇಕರಿಗೆ ಇದು ಗೊತ್ತೇ ಇಲ್ಲ. ಹೆಸರು ನೋಂದಾಯಿಸಿಕೊಳ್ಳಿ.

ಪತ್ರದಲ್ಲಿ ಪೂರ್ತಿ ವಿಳಾಸ, ಪೋಸ್ಟ್‌ಕೋಡ್ ಇರಲೇಬೇಕು. ಅದಿಲ್ಲದ ಪತ್ರವನ್ನು ಕಚೇರಿಯವರು ಮುಂದಕ್ಕೆ ಒಯ್ಯುವುದಿಲ್ಲ, ಏಕೆಂದರೆ ಬೇರೆ ಕ್ಷೇತ್ರದವರ ಅಹವಾಲನ್ನು ಸದಸ್ಯರು ಸಾಮಾನ್ಯವಾಗಿ ಎತ್ತಿಕೊಳ್ಳುವುದಿಲ್ಲ.

ಆಧಾರ ಕೂಡಿಸಿಕೊಳ್ಳಿ

ದಿನಾಂಕ, ಫೋಟೊ, ಸಂಖ್ಯೆ. ಸಂಖ್ಯೆ ಇಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಸಂಬಂಧಪಟ್ಟ ಸಂಸ್ಥೆಯನ್ನು ಕೇಳಿ, 20 ಕೆಲಸದ ದಿನಗಳಲ್ಲಿ ಉತ್ತರಿಸಬೇಕೆಂಬ ನಿಯಮವಿದೆ. ಪ್ರವಾಹವಾಗಿದ್ದರೆ 2010ರ ಪ್ರವಾಹ ಮತ್ತು ಜಲ ನಿರ್ವಹಣಾ ಕಾಯ್ದೆಯ 19ನೇ ಕಲಮಿನಡಿ ಕೌನ್ಸಿಲ್ ತನಿಖೆ ನಡೆಸಿದೆಯೇ, ವರದಿ ಹೊರಬಂದಿದೆಯೇ ಎಂದು ನೋಡಿ. ಆಸ್ಪತ್ರೆಯ ವಿಷಯವಾದರೆ ರೋಗಿಗಳ ದನಿಯಾಗಲೆಂದು 2023ರಲ್ಲಿ ಶುರುವಾದ ಲಾಯ್ಸ್ ಸಂಸ್ಥೆಯನ್ನೂ ಮಾತಾಡಿಸಿ. ಇನ್ನೊಬ್ಬರ ಕಾಯಿಲೆಯ ವಿವರವನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ಬರೆಯಬಾರದು.

ಇಲ್ಲೊಂದು ಎಚ್ಚರಿಕೆ. ಹೆಸರು ತುಂಬಿ ಗುಂಡಿ ಒತ್ತಿದರೆ ಸಾಕು, ಸಿದ್ಧ ಪತ್ರ ಹೊರಟುಬಿಡುತ್ತದೆ ಎನ್ನುವ ಜಾಲತಾಣಗಳನ್ನು ನಂಬಬೇಡಿ. ಒಂದೇ ಒಕ್ಕಣೆಯ ನೂರು ಪತ್ರಗಳನ್ನು ಯಾವ ಕಚೇರಿಯಾದರೂ ಒಂದೇ ಪತ್ರವೆಂದು ಎಣಿಸುತ್ತದೆ. ಖಾಸಗಿ ತಾಣಗಳಲ್ಲಿನ ಸಹಿ ಸಂಗ್ರಹವೂ ಅಷ್ಟೇ; ಎಷ್ಟೇ ಸಹಿ ಬಿದ್ದರೂ ಸೆನೆದ್ ಅದನ್ನು ಪರಿಗಣಿಸಲೇಬೇಕೆಂದಿಲ್ಲ. ಸಹಿ ಬೇಕೆಂದರೆ ಸೆನೆದ್‌ನ ಸ್ವಂತ ಮನವಿ ವ್ಯವಸ್ಥೆಯನ್ನೇ ಬಳಸಿ: 250 ಸಹಿಗೆ ಮನವಿ ಸಮಿತಿ ಪರಿಶೀಲಿಸುತ್ತದೆ, 10,000 ದಾಟಿದರೆ ಸಭೆಯಲ್ಲಿ ಚರ್ಚೆಗೆ ಅವಕಾಶ ಕೊಡಬೇಕೇ ಎಂದು ಅದೇ ಸಮಿತಿ ಯೋಚಿಸುತ್ತದೆ.

ಎಲ್ಲರೂ ಎಡವುವುದು ಇಲ್ಲಿ: ಪ್ರಶ್ನೆ

ಈ ಹಂತಕ್ಕೆ ಬೇಕಾದಷ್ಟು ಸಮಯ ಕೊಡಿ. ಮೌಖಿಕ ಪ್ರಶ್ನೆ ಎರಡು ತುಂಡುಗಳಲ್ಲಿ ನಡೆಯುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಮೊದಲ ತುಂಡು ಲಿಖಿತ ರೂಪದಲ್ಲಿ ಮುಂಚೆಯೇ ಸಲ್ಲಿಕೆಯಾಗುತ್ತದೆ. ಅದು ಸಚಿವರ ಅಧಿಕಾರಿಗಳ ಕೈಸೇರಿ, ಅವರು ಉತ್ತರ ಸಿದ್ಧಪಡಿಸಿಕೊಟ್ಟಿರುತ್ತಾರೆ. ಸಚಿವರು ಆ ಉತ್ತರ ಓದಿದ ಮೇಲೆ ಸದಸ್ಯರಿಗೆ ಪೂರಕ ಪ್ರಶ್ನೆಗೆ ಅವಕಾಶ ಸಿಗುತ್ತದೆ. ಅದರ ಒಕ್ಕಣೆ ಸಚಿವರಿಗೆ ಮುಂಚಿತವಾಗಿ ತಿಳಿದಿರುವುದಿಲ್ಲ. ಹೂರಣವೆಲ್ಲ ಇರುವುದು ಈ ಎರಡನೆಯ ತುಂಡಿನಲ್ಲಿ.

ಆದ್ದರಿಂದ ಮೊದಲ ತುಂಡು ಅಗಲವಾಗಿರಲಿ. ‘ಗ್ರಾಮೀಣ ಭಾಗದ ರೋಗಿಗಳು ಆಸ್ಪತ್ರೆ ತಲುಪಲು ಬಸ್ ಸೌಕರ್ಯ ಕಲ್ಪಿಸಲು ಸರ್ಕಾರ ಏನು ಮಾಡುತ್ತಿದೆ?’ ಎಂಬಷ್ಟು ಸಾಕು. ನಿಮ್ಮ ಊರಿನ ಎಲ್ಲ ವಿವರವನ್ನೂ ಇಲ್ಲೇ ಸುರಿದರೆ ಅಧಿಕಾರಿಗಳು ಕುಳಿತು ಪ್ರತಿಯೊಂದಕ್ಕೂ ಬೇಲಿ ಕಟ್ಟಿಬಿಡುತ್ತಾರೆ.

ಪೂರಕ ಪ್ರಶ್ನೆ ಚೂಪಾಗಿರಲಿ. ಅದರಲ್ಲಿ ಒಂದು ನಿಜಸಂಗತಿ, ಒಬ್ಬ ಮನುಷ್ಯನ ಕಷ್ಟ, ಒಂದೇ ಬೇಡಿಕೆ ಇರಬೇಕು. ‘ಶನಿವಾರದ ಬಸ್ ನಿಂತ ಮೇಲೆ ಡಯಾಲಿಸಿಸ್‌ಗೆ ಹೋಗುವ ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಪ್ರತಿ ವಾರ ಟ್ಯಾಕ್ಸಿಗೆ ದುಡ್ಡು ಸುರಿಯುತ್ತಿದ್ದಾರೆ. ಈ ಮಾರ್ಗವನ್ನು ಮತ್ತೆ ಆರಂಭಿಸಲು ಕೌನ್ಸಿಲ್ ಜೊತೆ ಈ ತಿಂಗಳೊಳಗೆ ಸಭೆ ಕರೆಯುತ್ತೀರಾ?’ ಇಷ್ಟನ್ನು ಒಂದು ನಿಮಿಷದೊಳಗೆ ಹೇಳಿ ಮುಗಿಸಬಹುದು. ಹೌದು ಅಥವಾ ಇಲ್ಲ ಎನ್ನದೆ ಸಚಿವರಿಗೆ ಬೇರೆ ದಾರಿ ಕಡಿಮೆ.

ಜನ ಸಾಮಾನ್ಯವಾಗಿ ಬರೆಯುವುದು ಹೀಗೆ: ‘ನಮ್ಮ ಭಾಗವನ್ನು ಸರ್ಕಾರ ಕಡೆಗಣಿಸಿರುವುದನ್ನು ಸಚಿವರು ಒಪ್ಪುತ್ತಾರೆಯೇ?’ ಇದು ಸಚಿವರಿಗೆ ಉಡುಗೊರೆ. ‘ಒಪ್ಪುವುದಿಲ್ಲ’ ಎಂದು ತಮ್ಮ ಸರ್ಕಾರ ಖರ್ಚು ಮಾಡಿದ ಕೋಟಿಗಳ ಲೆಕ್ಕ ಒಪ್ಪಿಸಿ ಅವರು ಕುಳಿತುಬಿಡುತ್ತಾರೆ. ಎರಡು ಬೇಡಿಕೆ ಇಟ್ಟರೂ ಕೆಟ್ಟಿತು: ಸುಲಭವಾದದ್ದಕ್ಕೆ ಉತ್ತರಿಸಿ ಕಷ್ಟದ್ದನ್ನು ಮರೆಯುತ್ತಾರೆ.

ತಪ್ಪಿಸಿಕೊಳ್ಳುವ ಉತ್ತರಗಳನ್ನು ಮೊದಲೇ ಊಹಿಸಿ ದಾರಿ ಮುಚ್ಚಬೇಕು. ಅತಿ ಹೆಚ್ಚು ಕೇಳಿಬರುವುದು ‘ಇದು ಆರೋಗ್ಯ ಮಂಡಳಿಗೆ ಬಿಟ್ಟದ್ದು’ ಅಥವಾ ‘ಕೌನ್ಸಿಲ್ ತೀರ್ಮಾನಿಸಬೇಕು’ ಎಂಬ ಮಾತು. ವೇಲ್ಸ್‌ನಲ್ಲಿ ಏಳು ಆರೋಗ್ಯ ಮಂಡಳಿಗಳಿವೆ, ದಿನನಿತ್ಯದ ಆಡಳಿತ ಅವುಗಳದೇ ಎಂಬುದು ನಿಜ. ಆದರೆ ಹಣ, ಗುರಿ, ಮೇಲ್ವಿಚಾರಣೆ ಸಚಿವರದು. ಉತ್ತರ ವೇಲ್ಸ್‌ನ ಬೆಟ್ಸಿ ಕಡ್ವಾಲಾಡರ್ ಮಂಡಳಿಯನ್ನು 2015ರಿಂದ 2020ರವರೆಗೆ, ಮತ್ತೆ 2023ರಲ್ಲಿ ವಿಶೇಷ ನಿಗಾಕ್ಕೆ ಒಳಪಡಿಸಿದ್ದು ಸರ್ಕಾರವೇ. ಹಾಗಾಗಿ ‘ಮಂಡಳಿ ಏನು ಮಾಡುತ್ತಿದೆ’ ಎಂದು ಕೇಳಬಾರದು. ‘ಮಂಡಳಿಗೆ ನೀವು ಯಾವ ಸೂಚನೆ ಕೊಟ್ಟಿದ್ದೀರಿ, ಯಾವ ದಿನ’ ಎಂದು ಕೇಳಬೇಕು.

ಬೇಡಿಕೆಯ ಅಳತೆಯೂ ಮುಖ್ಯ. 2020ರ ಫೆಬ್ರುವರಿಯ ಡೆನಿಸ್ ಚಂಡಮಾರುತದಲ್ಲಿ ರೊಂದ ಕನನ್ ಟಾಫ್ ಪ್ರದೇಶದಲ್ಲಿ ಸಾವಿರಕ್ಕೂ ಹೆಚ್ಚು ಮನೆ ಅಂಗಡಿಗಳಿಗೆ ನೀರು ನುಗ್ಗಿತು. ಸ್ವತಂತ್ರ ವಿಚಾರಣೆ ಆಗಬೇಕೆಂಬ ಕೂಗಿಗೆ ಲೇಬರ್ ಸರ್ಕಾರ ಮಣಿಯಲಿಲ್ಲ. ಅಲ್ಲಿನ ಪಾಂಟಿಪ್ರಿದ್ ಪಟ್ಟಣದಲ್ಲಿ ಕೌನ್ಸಿಲರ್ ಆಗಿದ್ದ, ಆಗ ವಿರೋಧ ಪಕ್ಷವಾಗಿದ್ದ ಪ್ಲೈಡ್ ಕಮ್ರಿಯ ಹೆಲೆದ್ ವಖನ್ 2021ರಲ್ಲಿ ಸೆನೆದ್‌ಗೆ ಆಯ್ಕೆಯಾದ ಮೇಲೆ ಸಂತ್ರಸ್ತರ ದನಿಯನ್ನು ಸಚಿವರ ಮುಂದೆ ಮತ್ತೆ ಮತ್ತೆ ಎತ್ತಿದರು. ಪೂರ್ಣ ವಿಚಾರಣೆ ದಕ್ಕಲಿಲ್ಲ. ಆದರೆ ಅದೇ ವರ್ಷ ಎರಡು ಪಕ್ಷಗಳ ನಡುವೆ ಆದ ಸಹಕಾರ ಒಪ್ಪಂದದಲ್ಲಿ, ಪ್ರವಾಹದ ಅಧಿಕೃತ ವರದಿಗಳ ಸ್ವತಂತ್ರ ಪರಾಮರ್ಶೆಗೆ ಜಾಗ ಸಿಕ್ಕಿತು. ಹಿರಿಯ ವಕೀಲೆ ಎಲ್ವೆನ್ ಇವಾನ್ಸ್ ನೇತೃತ್ವದ ಆ ಪರಾಮರ್ಶೆ 2023ರಲ್ಲಿ ಪ್ರಕಟವಾಯಿತು. 2024ರ ನವೆಂಬರ್‌ನಲ್ಲಿ ಬರ್ಟ್ ಚಂಡಮಾರುತದಿಂದ ಪಾಂಟಿಪ್ರಿದ್ ಮತ್ತೆ ಮುಳುಗಿದಾಗ ಸಚಿವರ ಮುಂದಿಡಲು ಹಳೆಯ ಮಾತುಗಳು ದಾಖಲೆಯಲ್ಲಿದ್ದವು. ನೀರು ಇಳಿದ ಮೇಲೂ ಕೆಸರು ಬಳಿಯುತ್ತಲೇ ಇದ್ದ ಆ ಜನರ ಪಟ್ಟು ದೊಡ್ಡದು. ದೊಡ್ಡ ಬೇಡಿಕೆಯ ಜೊತೆಗೆ, ಸರ್ಕಾರ ಇಲ್ಲವೆನ್ನಲು ಕಷ್ಟಪಡುವ ಒಂದು ಸಣ್ಣ ಬೇಡಿಕೆಯನ್ನೂ ಸದಸ್ಯರ ಕಿಸೆಯಲ್ಲಿ ಇಟ್ಟಿರಿ. ಅವರು ಎರಡನ್ನೂ ಒಂದೇ ದಿನ ಕೇಳುವುದು ಬೇಡ.

ಇದೆಲ್ಲವೂ ಒಂದು ಪುಟದಲ್ಲಿ ಹಿಡಿಸಬೇಕು. ಸದಸ್ಯರ ಸಿಬ್ಬಂದಿ ಚಿಕ್ಕದು, ಕೆಲಸ ರಾಶಿ. ಎರಡನೆಯ ಪುಟವನ್ನು ಓದುವವರಿಲ್ಲ ಎಂದೇ ತಿಳಿಯಿರಿ.

ಯಾವ ಬಾಗಿಲು?

2021–26ರ ಅವಧಿಯಲ್ಲಿ ಮಂಗಳವಾರ ಮಧ್ಯಾಹ್ನ ಒಂದೂವರೆಗೆ ಪ್ರಥಮ ಸಚಿವರಿಗೆ ಪ್ರಶ್ನೆ, ಬುಧವಾರ ಉಳಿದ ಸಚಿವರಿಗೆ ಪ್ರಶ್ನೆ ಎಂಬ ಪದ್ಧತಿಯಿತ್ತು. ನಿಮಗೆ ಬೇಕಾದ ವಾರದ ಕಾರ್ಯಸೂಚಿಯನ್ನು ಜಾಲತಾಣದಲ್ಲಿ ನೋಡಿಕೊಳ್ಳಿ. ಪ್ರಶ್ನೆ ಕೇಳುವ ಸದಸ್ಯರ ಹೆಸರು ಚೀಟಿ ಎತ್ತಿ ತೀರ್ಮಾನವಾಗುವುದರಿಂದ ನಿಮ್ಮ ಸದಸ್ಯರ ಸರದಿ ಬಾರದೆ ಹೋಗಬಹುದು. ಆಗ ಬೇರೊಬ್ಬರ ಪ್ರಶ್ನೆಗೆ ಅಂಟಿಕೊಂಡು ಪೂರಕ ಪ್ರಶ್ನೆ ಕೇಳಬಹುದು. ಕಲಾಪದ ವಿವರ ಪ್ರಕಟಿಸುವ ಹೊತ್ತಿನಲ್ಲಿ ‘ಈ ವಿಷಯದ ಬಗ್ಗೆ ಸರ್ಕಾರ ಹೇಳಿಕೆ ಕೊಡಲಿ’ ಎಂದು ಒತ್ತಾಯಿಸಬಹುದು. ಈ ಎರಡನೆಯ ಬಾಗಿಲು ಸಮುದಾಯದ ಅಹವಾಲುಗಳಿಗೆ ಹೇಳಿ ಮಾಡಿಸಿದಂತಿದೆ, ಆದರೂ ಇದನ್ನು ಕೇಳಿಕೊಂಡು ಬರುವವರು ಕಡಿಮೆ. ತುರ್ತು ಸಂದರ್ಭಕ್ಕೆ ಸಾಮಯಿಕ ಪ್ರಶ್ನೆಯಿದೆ. 2022ರ ಅಕ್ಟೋಬರ್ 21ರಂದು ಮೆನಾಯ್ ತೂಗುಸೇತುವೆಯನ್ನು ಇದ್ದಕ್ಕಿದ್ದಂತೆ ಮುಚ್ಚಿದಂಥ ಪ್ರಸಂಗದಲ್ಲಿ ವಾರಗಟ್ಟಲೆ ಕಾಯಲಾಗದು.

ಬರೀ ಅಂಕಿಅಂಶ ಬೇಕಿದ್ದರೆ ಲಿಖಿತ ಪ್ರಶ್ನೆಯೇ ಮೇಲು. ಗದ್ದಲವಿಲ್ಲ, ಟಿವಿಯಿಲ್ಲ, ಉತ್ತರ ಮಾತ್ರ ಗಟ್ಟಿ.

ಕೇಳಿದ ಮರುದಿನ

ಕಲಾಪದ ನೇರಪ್ರಸಾರ ಸೆನೆದ್ ವಾಹಿನಿಯಲ್ಲಿ ಸಿಗುತ್ತದೆ. ಕಾರ್ಡಿಫ್ ಕೊಲ್ಲಿಯ ಕಟ್ಟಡದಲ್ಲಿ ಸಾರ್ವಜನಿಕರ ಗ್ಯಾಲರಿಗೆ ಶುಲ್ಕವಿಲ್ಲ. ಸಾಧ್ಯವಿದ್ದರೆ ಹೋಗಿ ಕುಳಿತುಕೊಳ್ಳಿ. ಸದಸ್ಯರು ವೆಲ್ಷ್‌ನಲ್ಲಿ ಮಾತಾಡಿದರೆ ಇಂಗ್ಲಿಷ್ ಅನುವಾದ ಹೆಡ್‌ಫೋನ್‌ನಲ್ಲಿ ಕೇಳುತ್ತದೆ.

ಸಚಿವರು ಬಹುಮಟ್ಟಿಗೆ ‘ವಿವರ ಬರೆದು ಕಳುಹಿಸಿ, ನೋಡುತ್ತೇನೆ’ ಎನ್ನುತ್ತಾರೆ. ಇದನ್ನು ಕೇಳಿ ಸಪ್ಪೆಯಾಗಬೇಡಿ. ಅದು ಸಭೆಯಲ್ಲಿ ಕೊಟ್ಟ ಮಾತು. ಮರುದಿನವೇ ಸದಸ್ಯರ ಕಚೇರಿಯಿಂದ ಸಚಿವರಿಗೆ ಪತ್ರ ಹೋಗಬೇಕು, ಅದರಲ್ಲಿ ನಡಾವಳಿಯ ಆ ಸಾಲನ್ನು ದಿನಾಂಕ ಸಮೇತ ಎತ್ತಿ ಬರೆದಿರಬೇಕು. ಕರಡನ್ನು ನೀವೇ ಬರೆದುಕೊಟ್ಟರೆ ಪತ್ರ ಅಂದೇ ಹೊರಡುತ್ತದೆ. ಸುಮಾರು ಮೂರು ವಾರ ಬಿಟ್ಟು ವಿಚಾರಿಸಿ. ಉತ್ತರ ಬಾರದಿದ್ದರೆ ‘ಆ ಪತ್ರಕ್ಕೆ ಯಾವಾಗ ಉತ್ತರಿಸುತ್ತೀರಿ’ ಎಂಬುದೇ ಮುಂದಿನ ಲಿಖಿತ ಪ್ರಶ್ನೆ.

ಎಲ್ಲ ಪತ್ರಗಳ ಪ್ರತಿ ನಿಮ್ಮ ಬಳಿಯೂ ಇರಲಿ. ಚುನಾವಣೆ ಬಂದು ಸದಸ್ಯರು ಬದಲಾದರೆ ಅವರ ಕಚೇರಿಯ ಕಡತ ತಾನಾಗಿಯೇ ಹೊಸಬರಿಗೆ ಹೋಗುವುದಿಲ್ಲ. ಹೊಸಬರು ಪ್ರಮಾಣವಚನ ಸ್ವೀಕರಿಸಿದ ವಾರದಲ್ಲೇ ಹಳೆಯ ಉತ್ತರಗಳನ್ನು ಲಗತ್ತಿಸಿ, ಹೊಸ ಒಂದು ಪುಟ ಬರೆದು, ಅವರ ಮುಂದಿನ ಸಾರ್ವಜನಿಕ ಭೇಟಿಯ ದಿನಕ್ಕೆ ಸಮಯ ಕೇಳಿ.