ಪಡಸಾಲೆಯಲ್ಲಿ ತಿಂಗಳಿಗೊಂದು ಬೈಠಕ್: ಹೀಗೆ ನಡೆಸಿ

ಹೋದ ಮಳೆಗಾಲದಲ್ಲಿ ಧಾರವಾಡದ ಒಂದು ಮನೆಯಲ್ಲಿ ಬೈಠಕ್ ಇತ್ತು, ಅಂದರೆ ಹತ್ತಿರ ಕೂತು ಕೇಳುವ ಹಿಂದೂಸ್ತಾನಿ ಗಾಯನ. ಹಾಡುವ ಹುಡುಗಿ ಬಂದಳು, ತಂಬೂರಿ ಬಂತು, ನಲವತ್ತು ಮಂದಿ ಬಂದು ಕೂತರು. ತಬಲಾದವರು ಚೀಲ ಬಿಚ್ಚಿದ ಮೇಲೆ ಗೊತ್ತಾಯ್ತು, ಅವರು ತಂದದ್ದು ಗಂಡುದನಿಗೆ ಹೊಂದುವ ದಾಯಾ (ತಬಲಾ ಜೋಡಿಯಲ್ಲಿ ಬಲಗೈಯಿಂದ ನುಡಿಸುವುದು). ಹುಡುಗಿಯ ಷಡ್ಜ, ಅಂದರೆ ಅವಳು ಆಧಾರವಾಗಿಟ್ಟು ಹಾಡುವ ‘ಸ’, ಕರಿ 4, ಹಾರ್ಮೋನಿಯಂನ ನಾಲ್ಕನೇ ಕರಿ ಮನೆ. ಸುತ್ತಿಗೆಯಿಂದ ಎಷ್ಟು ಬಡಿದರೂ ಅದು ಅಷ್ಟು ಮೇಲೆ ಏರಲಿಲ್ಲ. ಇನ್ನೊಂದನ್ನು ತರಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯ್ತು, ಅರ್ಧ ಜನ ಎದ್ದು ಹೋದರು. ಇಂಥದ್ದನ್ನು ಬೇರೆ ಬೇರೆ ಮನೆಗಳಲ್ಲಿ ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಬೈಠಕ್ ಯಾಕೆ ಬೇಕು ಅಂತ ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಕಿರಾನಾ ಘರಾಣೆಯ ಗಾಯಕ ಅಬ್ದುಲ್ ಕರೀಂ ಖಾನರು ಕುಂದಗೋಳದ ನಾಡಿಗೇರ ವಾಡೆಗೆ (ದೊಡ್ಡ ಮನೆಗೆ) ಬಂದು ಹೋಗುತ್ತಿದ್ದಾಗಲೇ ಅಲ್ವಾ ಅಲ್ಲಿಯ ಸವಾಯಿ ಗಂಧರ್ವರು ಅವರ ಶಿಷ್ಯರಾದದ್ದು? ಮುಂದೆ ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಅದೇ ಕುಂದಗೋಳಕ್ಕೆ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋದರು. ಇವತ್ತೂ ಕಲಿಯುವವರಿಗೆ ಕೊರತೆ ಇಲ್ಲ. ಕರ್ನಾಟಕ ವಿಶ್ವವಿದ್ಯಾಲಯ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಗುರುಕುಲ, ಗದಗಿನ ಪುಣ್ಯಾಶ್ರಮ, ಎಲ್ಲ ಕಡೆ ಮಕ್ಕಳು ಕಲಿಯುತ್ತಿದ್ದಾರೆ. ಕಲಿತ ಮೇಲೆ ಮೂವತ್ತು ಜನರ ಎದುರು ಕೂತು ಹಾಡಲು ಜಾಗ ಬೇಕು. ವರ್ಷಕ್ಕೊಂದು ಉತ್ಸವ ಮಾಡಿದರೆ ಅದು ಸಿಗುವುದಿಲ್ಲ. ತಿಂಗಳಿಗೊಂದು ಪಡಸಾಲೆ ತೆರೆದರೆ ಸಿಗುತ್ತದೆ.

ಜಾಗ, ದಿನ, ದುಡ್ಡು

ನಲವತ್ತು ಜನ ಹಿಡಿಸುವ ಪಡಸಾಲೆ, ಎರಡು ಜಮಖಾನೆ, ವಯಸ್ಸಾದವರಿಗೆ ಗೋಡೆ ಪಕ್ಕ ಹತ್ತು ಕುರ್ಚಿ. ದಿನ ಬದಲಿಸಬೇಡಿ. ಎರಡನೇ ಭಾನುವಾರ ಅಂದರೆ ಎರಡನೇ ಭಾನುವಾರವೇ.

ನನ್ನ ಮಾತು ಕೇಳಿದರೆ ಬೆಳಿಗ್ಗೆ 7ಕ್ಕೆ ಇಡಿ. ಎಲ್ಲರೂ ಸಂಜೆಯೇ ಕಾರ್ಯಕ್ರಮ ಇಡುವುದರಿಂದ ತೋಡಿ, ಭೈರವದಂಥ ಬೆಳಗಿನ ರಾಗಗಳನ್ನು ಎದುರು ಕೂತು ಕೇಳುವುದೇ ಅಪರೂಪವಾಗಿದೆ. ಹುಬ್ಬಳ್ಳಿ ಧಾರವಾಡದ ನಡುವೆ ಚಿಗರಿ ಬಸ್ಸಿದೆ, ಆ ಊರಿನವರು ಈ ಊರಿಗೆ ಬರಲು ಕಷ್ಟವೇನಿಲ್ಲ. ಸಂಜೆಯೇ ಆಗಬೇಕೆಂದರೆ ಕೊನೆಯ ಬಸ್ಸು ನೋಡಿಕೊಂಡು ಮುಗಿಸಿ.

ತಲೆಗೆ 100 ರೂಪಾಯಿ ತೆಗೆದುಕೊಳ್ಳಿ. ವಿದ್ಯಾರ್ಥಿಗಳಿಗೆ ಬೇಡ. ಬಂದ ದುಡ್ಡು ಪೂರ್ತಿ ಹಾಡುವವರಿಗೆ, ಜೊತೆಗೆ ನುಡಿಸುವ ಸಾಥಿದಾರರಿಗೆ ಹೋಗಲಿ. ಶಾಲು, ಹಾರ, ಫಲಕ ಬೇಡವೇ ಬೇಡ, ಆ ಖರ್ಚನ್ನೂ ಅವರ ಲಕೋಟೆಗೇ ಹಾಕಿ. ಭಾಷಣವೂ ಬೇಡ.

ಎಲ್ಲರೂ ಎಡವುವುದು ಇಲ್ಲಿ: ಸ್ವರ ಕೂಡಿಸುವುದು

ಒಂದು ವಾರ ಮೊದಲು ಹಾಡುವವರಿಗೆ ಫೋನ್ ಮಾಡಿ, "ನಿಮ್ಮ ಸ್ವರ ಯಾವುದು?" ಅಂತ ಕೇಳಿ. ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಹೇಳುತ್ತಾರೆ, ಕರಿ 1, ಬಿಳಿ 2, ಹೀಗೆ. ಅದನ್ನು ಅವತ್ತೇ ತಬಲಾದವರಿಗೆ ತಿಳಿಸಿ. ಬಾಯಿ ಅಗಲವಾದ ದಾಯಾ ಕೆಳಗಿನ ಸ್ವರಕ್ಕೆ, ಸಣ್ಣ ಬಾಯಿಯದು ಮೇಲಿನ ಸ್ವರಕ್ಕೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಇಬ್ಬರು ಹಾಡುವುದಿದ್ದರೆ ಇಬ್ಬರದೂ ಹೇಳಿ, ಎರಡು ದಾಯಾ ತರುತ್ತಾರೆ.

ಇನ್ನು ತಂಬೂರಿ. ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಗವಸಣಿಗೆಯಿಂದ ತೆಗೆದು ಹಾಡುವ ಜಾಗದಲ್ಲೇ ಇಡಿ. ಮಳೆಗಾಲದಲ್ಲಂತೂ ಒಳಕೋಣೆಯಲ್ಲಿ ಕೂಡಿಸಿದ ತಂಬೂರಿ ಪಡಸಾಲೆಗೆ ಬಂದ ಕೂಡಲೇ ಇಳಿಯುತ್ತದೆ. ಹಾಡುವ ರಾಗವನ್ನೂ ಕೇಳಿಕೊಳ್ಳಿ. ಸಾಮಾನ್ಯವಾಗಿ ಮೊದಲ ತಂತಿ ಪಂಚಮಕ್ಕೆ (‘ಪ’) ಇರುತ್ತದೆ. ಮಾಲಕಂಸ ರಾಗದಲ್ಲಿ ಪಂಚಮವೇ ಇಲ್ಲ, ಆಗ ಆ ತಂತಿಯನ್ನು ಮಧ್ಯಮಕ್ಕೆ (‘ಮ’) ಇಳಿಸಬೇಕು. ಬಿರಡೆ ತಿರುವಿ ಸ್ವರ ಬಂದ ಮೇಲೆ, ಕುದುರೆಯ (ತಂತಿಗಳು ಹಾದುಹೋಗುವ ಅಡ್ಡಪಟ್ಟಿಯ) ಮೇಲೆ ತಂತಿಯ ಕೆಳಗಿರುವ ನೂಲಿನ ಎಳೆ ನೋಡಿ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಹೋಗಬೇಕು. ಒಂದು ಜಾಗದಲ್ಲಿ ತಂತಿ ಮಂಕಾಗಿರುತ್ತದೆ, ಇನ್ನೊಂದು ಜಾಗಕ್ಕೆ ಬಂದಾಗ ದನಿ ಬಿಚ್ಚಿಕೊಂಡು ಇಡೀ ಕೋಣೆ ಗುಂಯ್ ಅನ್ನುತ್ತದೆ. ಅಲ್ಲಿ ಕೈ ಬಿಡಿ. ಜನ ಬಂದು ಕೂತ ಮೇಲೆ ಕೋಣೆ ಬೆಚ್ಚಗಾಗುತ್ತದೆ, ಮತ್ತೊಮ್ಮೆ ಕೂಡಿಸಬೇಕಾಗುತ್ತದೆ. ಆ ಐದು ನಿಮಿಷ ಯಾರೂ ಮಾತಾಡಬಾರದು. ತಲೆ ಮೇಲಿನ ಫ್ಯಾನು ಬಂದ್ ಮಾಡಿ.

ಫೋನಿನ ತಂಬೂರಿ ಆ್ಯಪ್ ಸುಲಭ, ನಿಜ. ನುಡಿಸುವ ಕೈ ಇದ್ದಾಗ ನಾನು ಅದನ್ನು ಒಪ್ಪುವುದಿಲ್ಲ. ಒಬ್ಬ ವಿದ್ಯಾರ್ಥಿ ಹಿಂದೆ ಕೂತು ಎರಡು ತಾಸು ತಂಬೂರಿ ಹಿಡಿದರೆ ಅದೇ ಅವನಿಗೆ ಪಾಠ. ಬೇರೆ ದಾರಿ ಇಲ್ಲದೆ ಆ್ಯಪ್ ಹಾಕಿದರೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ನಿಧಾನ ಲಯದ ವಿಲಂಬಿತ ಖ್ಯಾಲ್ ಹಾಡುವ ನಡುವೆ ಕಾಲ್ ಬಂದು ಷಡ್ಜವೇ ನಿಂತುಹೋದದ್ದನ್ನು ನೋಡಿದ್ದೇನೆ.

ಮೈಕು

ನಲವತ್ತು ಜನಕ್ಕೆ ಮೈಕು ಬೇಡ. ನೂರು ಜನರ ಸಮುದಾಯ ಭವನಕ್ಕೆ ಬೇಕು. ಬಣ್ಣದ ಲೈಟಿನ, ಗಾಲಿ ಇರುವ ಪಾರ್ಟಿ ಸ್ಪೀಕರ್ ಮಾತ್ರ ತರಬೇಡಿ. ಅದರಲ್ಲಿ ಬಾಯಾ (ತಬಲಾದ ಎಡಗೈ ಭಾಗ) ಗುಡುಗುತ್ತದೆ, ತಂಬೂರಿ ಕೇಳುವುದೇ ಇಲ್ಲ. ಮೈಕಿನವರು, "ಸ್ವಲ್ಪ ಎಕೋ ಹಾಕ್ತೀನ್ರಿ, ಚಲೋ ಕೇಳಸ್ತೈತಿ" ಅನ್ನುತ್ತಾರೆ. "ಬ್ಯಾಡ್ರಿ ಅಣ್ಣಾರ" ಅಂತ ಪ್ರೀತಿಯಿಂದಲೇ ಹೇಳಿ. ಎಕೋದಲ್ಲಿ ವೇಗವಾಗಿ ಹಾಡುವ ತಾನಿನ ಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ಸ್ಪೀಕರುಗಳು ಹಾಡುವವರಿಗಿಂತ ಮುಂದಿರಲಿ, ಇಲ್ಲದಿದ್ದರೆ ಮೈಕು ಕೂಗುತ್ತದೆ. ಹಾಡುವವರ ಕಡೆ ಮುಖ ಮಾಡಿದ ಒಂದು ಸಣ್ಣ ಸ್ಪೀಕರ್ ಬೇಕೇಬೇಕು. ಅವರಿಗೆ ಅವರದೇ ಷಡ್ಜ ಕೇಳದಿದ್ದರೆ ಗಂಟಲು ಹರಿದುಕೊಳ್ಳುತ್ತಾರೆ.

ಹಾಡು

ಮೊದಲ ಇಪ್ಪತ್ತು ನಿಮಿಷ ಊರಿನ ಒಬ್ಬ ವಿದ್ಯಾರ್ಥಿ ಹಾಡಲಿ, ಒಂದೇ ರಾಗ. ಆಮೇಲೆ ಮುಖ್ಯ ಕಲಾವಿದರು. ನಡುವೆ ಚಹಾ ಬೇಡ, ಕಪ್ಪುಗಳ ಸದ್ದಿನಲ್ಲಿ ರಾಗ ಮುರಿಯುತ್ತದೆ. ಮುಗಿದ ಮೇಲೆ ಗಿರ್ಮಿಟ್ಟು, ಚಹಾ ಕೊಡಿ. ಹಾಡಿದ ಹುಡುಗರ ಹತ್ತಿರ ಹಿರಿಯರು ಬಂದು ಕೂತು ಮಾತಾಡುವುದು ಆಗಲೇ. ಆ ಹೊತ್ತಿಗೆ ಬಾಗಿಲ ಪಕ್ಕದ ಹಲಗೆಯ ಮೇಲೆ ಮುಂದಿನ ತಿಂಗಳ ತಾರೀಖು, ಹಾಡುವವರ ಹೆಸರು, ಅವರ ಸ್ವರ ಬರೆದಿಟ್ಟಿರಿ.