ಹಗಲು ಕೆಲಸ, ರಾತ್ರಿ ಗೇಮ್: ಎರಡಕ್ಕೂ ಒಂದೇ ಮಾನಿಟರ್ ಆರಿಸಿದ್ದು ಹೀಗೆ

ಬಜೆಟ್ ಚಿಕ್ಕದು, ಮಾನಿಟರ್ ಒಂದೇ. ಹಗಲೆಲ್ಲ ಎಕ್ಸೆಲ್, ಮೇಲ್, ಬ್ರೌಸರ್. ಊಟ ಆದಮೇಲೆ ಗೇಮ್. ಹಾಗಾಗಿ ಮಾಡೆಲ್ ನೋಡುವ ಮೊದಲು ಒಂದೇ ಪ್ರಶ್ನೆ ಕೇಳಿಕೊಂಡೆ: ನಾನು ಪರದೆ ಮುಂದೆ ಅಕ್ಷರ ಓದುವ ಹೊತ್ತು ಜಾಸ್ತಿಯೋ, ಗುಂಡು ಹಾರಿಸುವ ಹೊತ್ತು ಜಾಸ್ತಿಯೋ? ಓದುವುದೇ ಜಾಸ್ತಿ. ಅಲ್ಲಿಗೆ ಅರ್ಧ ಗೊಂದಲ ಮುಗಿಯಿತು.

27 ಇಂಚಿನ ಪರದೆ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಆದರೆ ಕಡಿಮೆ ಬೆಲೆಯ 27 ಇಂಚುಗಳಲ್ಲಿ ಬಹಳಷ್ಟು ಫುಲ್ ಎಚ್‌ಡಿ, ಅಂದರೆ 1920×1080 ಪಿಕ್ಸೆಲ್, ಇಂಚಿಗೆ ಸುಮಾರು 82. 24 ಇಂಚಿನಲ್ಲಿ ಅದೇ 92 ಆಗುತ್ತದೆ. ಹತ್ತು ಪಿಕ್ಸೆಲ್ ಏನು ಮಹಾ ಅನಿಸಬಹುದು, ಸಣ್ಣ ಫಾಂಟ್‌ನಲ್ಲಿ ಕನ್ನಡ ಓದಿ ನೋಡಿ, 'ಲಕ್ಷ್ಮಿ', 'ರಾಷ್ಟ್ರ' ತರಹದ ಕಡೆ ಕೆಳಗಿನ ಒತ್ತುಗಳು ಒಂದಕ್ಕೊಂದು ಮೆತ್ತಿಕೊಂಡಂತೆ ಕಾಣುತ್ತವೆ. 27 ಇಂಚಿನ ಕ್ಯೂಎಚ್‌ಡಿ (2560×1440) ಆದರೆ 109 ಪಿಕ್ಸೆಲ್, ಅಕ್ಷರ ಅಚ್ಚುಕಟ್ಟು. ಆದರೆ ಅಲ್ಲಿ ಗ್ರಾಫಿಕ್ಸ್ ಕಾರ್ಡ್ ಸುಮಾರು 21 ಲಕ್ಷದ ಬದಲು 37 ಲಕ್ಷ ಪಿಕ್ಸೆಲ್ ತುಂಬಬೇಕು. ನನ್ನ ಹಳೇ ಕಾರ್ಡ್‌ಗೆ ಅದು ಆಗದ ಮಾತು. 24 ಇಂಚು ಫುಲ್ ಎಚ್‌ಡಿಗೇ ನಿಂತೆ.

ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಪರದೆಯ ಬಗೆ, ಆ ವಿಷಯದಲ್ಲಿ ಸ್ವಲ್ಪ ಒದ್ದಾಡಿದೆ. ವಿಎ, ಐಪಿಎಸ್ ಅಂತ ಎರಡು ಬಗೆ ಮುಂದಿದ್ದವು. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಐಪಿಎಸ್‌ಗಿಂತ ಗಾಢ, ಸಿನಿಮಾಗೆ ಸೊಗಸು. ಆದರೆ ಅಗ್ಗದ ವಿಎಗಳಲ್ಲಿ ಕತ್ತಲ ದೃಶ್ಯ ವೇಗವಾಗಿ ಸರಿದರೆ ಹಿಂದೆ ಮಸಿ ಎಳೆದಂತೆ ಬಾಲ ಉಳಿಯುತ್ತದೆ. ಗೆಳೆಯನ ಮಾನಿಟರ್‌ನಲ್ಲಿ ಕಪ್ಪು ಹಿನ್ನೆಲೆಯ ಪುಟವೊಂದನ್ನು ಸರಸರ ಸ್ಕ್ರಾಲ್ ಮಾಡಿದೆ, ಅಷ್ಟರಲ್ಲೇ ಗೊತ್ತಾಯಿತು. ಐಪಿಎಸ್ ತೆಗೆದುಕೊಂಡೆ. ಅದರಲ್ಲೂ ತೊಂದರೆ ಇಲ್ಲ ಅಂತಲ್ಲ, ಕತ್ತಲೆ ಕೋಣೆಯಲ್ಲಿ ಮೂಲೆಗಳು ಮಂಕಾಗಿ ಹೊಳೆಯುತ್ತವೆ. ಮಾನಿಟರ್ ಹಿಂದೆ ಒಂದು ಸಣ್ಣ ದೀಪ ಹಾಕಿದೆ, ಈಗ ಅದು ಕಣ್ಣಿಗೆ ಬೀಳುವುದಿಲ್ಲ.

60 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 60 ಸಲ ಪರದೆ ಹೊಸದಾಗುವಾಗ) ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9. ಈ ವ್ಯತ್ಯಾಸ ಗೇಮ್‌ನಲ್ಲಿ ಮಾತ್ರ ಅಲ್ಲ, ಸುಮ್ನೆ ಮೌಸ್ ಆಡಿಸಿದರೂ ಕಾಣುತ್ತದೆ. 144ರಿಂದ 240ಕ್ಕೆ ಹೋದರೆ ಉಳಿತಾಯ ಆಗುವುದು ಮೂರು ಮಿಲಿಸೆಕೆಂಡ್‌ಗಿಂತ ಕಮ್ಮಿ, ಅದಕ್ಕೆ ದುಡ್ಡು ಸುರಿಯುವ ಮನಸ್ಸಾಗಲಿಲ್ಲ. ಒಂದು ಮಾತು: ಕೇಬಲ್ ಚುಚ್ಚಿದ ಮೇಲೂ ವಿಂಡೋಸ್ ಎಷ್ಟೋ ಸಲ 60ರಲ್ಲೇ ಕೂತಿರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್ ಒಳಗೆ ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ನಾವೇ ಬದಲಾಯಿಸಬೇಕು. ಪಟ್ಟಿಯಲ್ಲಿ 144 ಕಾಣದಿದ್ದರೆ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ ನೋಡಿ.

ಪಿಕ್ಸೆಲ್ ಬಣ್ಣ ಬದಲಿಸಲು ಹಿಡಿಯುವ ಹೊತ್ತು ಅಂತ ಡಬ್ಬದ ಮೇಲೆ ಹಾಕಿರುವ '1 ಮಿಲಿಸೆಕೆಂಡ್' ಅನ್ನು ನಾನು ನಂಬುವುದಿಲ್ಲ. ಆ ಅಂಕಿ ಬರಲಿ ಅಂತ, ಪಿಕ್ಸೆಲ್ ಬೇಗ ಬದಲಾಗುವಂತೆ ಮಾಡುವ ಓವರ್‌ಡ್ರೈವ್ ಅನ್ನು ತುದಿಗೆ ಏರಿಸಿದರೆ ಓಡುವ ವಸ್ತುವಿನ ಹಿಂದೆ ಬೆಳ್ಳಗಿನ ನೆರಳು ಬರುತ್ತದೆ. ನಡುವಿನ ಮಟ್ಟದಲ್ಲಿ ಬಿಟ್ಟಿದ್ದೇನೆ. ಎಚ್‌ಡಿಆರ್ 400 (ಬೆಳಕು-ಕತ್ತಲಿನ ಅಂತರ ಚೆನ್ನಾಗಿ ತೋರಿಸುತ್ತದೆ ಅನ್ನುವ ಗುರುತು) ಅನ್ನೋದು ಈ ಬೆಲೆಯಲ್ಲಿ ಬರೀ ಸ್ಟಿಕ್ಕರ್. ಬಾಗಿದ ಪರದೆ, ಒಳಗಿನ ಸ್ಪೀಕರ್, ಬೇಡವೇ ಬೇಡ. ಎತ್ತರ ಹೊಂದಿಸುವ ಸ್ಟ್ಯಾಂಡ್ ಮಾತ್ರ ಬಿಡಬೇಡಿ, ಕುತ್ತಿಗೆ ನಮ್ಮದೇ ಅಲ್ವಾ. ಅದಿಲ್ಲದಿದ್ದರೆ ಹಿಂದೆ ವೆಸಾ ತೂತುಗಳಾದರೂ (ಸ್ಟ್ಯಾಂಡ್ ಬದಲು ಬೇರೆ ಹಿಡಿಕೆ ಕೂರಿಸುವ ಸ್ಕ್ರೂ ತೂತುಗಳು) ಇರಲಿ, ಮುಂದೆ ಮಾನಿಟರ್ ಹಿಡಿಯುವ ಆರ್ಮ್ ಹಾಕಬಹುದು.

ಮನೆಗೆ ಬಂದ ದಿನವೇ ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರ ಹಾಕಿ ಸತ್ತ ಪಿಕ್ಸೆಲ್ ಹುಡುಕಿದೆ, ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಇದು ಆಗಬೇಕು. ಆಮೇಲೆ ಬ್ರೈಟ್‌ನೆಸ್. ಡಬ್ಬದಿಂದ ತೆಗೆದಾಗ ಕಣ್ಣು ಕುಕ್ಕುವಷ್ಟಿತ್ತು. ಒಂದು ಬಿಳಿ ಹಾಳೆಯನ್ನು ಪರದೆ ಪಕ್ಕ ಹಿಡಿದು, ಎರಡೂ ಒಂದೇ ತರಹ ಕಾಣುವವರೆಗೆ ಇಳಿಸುತ್ತಾ ಬಂದೆ. ನನ್ನ ಕೋಣೆಯಲ್ಲಿ ಅದು 30ರ ಆಸುಪಾಸಿಗೆ ಬಂದು ನಿಂತಿತು.